‘ನಿಮ್ಮ ವಾರ್ಡು’ ಹೋಗಿ ‘ನಮ್ಮ ವಾರ್ಡು’ ಆಗಬೇಕಾದರೆ

ಹೊಸದಾಗಿ ಡ್ಯೂಟಿಗೆ ಸೇರಿದ ನರ್ಸ್ ಮೊದಲ ದಿನಗಳಲ್ಲಿ ಹೇಗೆ ಮಾತಾಡುತ್ತಾಳೆ ಅಂತ ಗಮನಿಸಿ. ‘ಸಿಸ್ಟರ್, ನಿಮ್ಮ ವಾರ್ಡಲ್ಲಿ ಡ್ರೆಸ್ಸಿಂಗ್ ಟ್ರೇ ಎಲ್ಲಿಡ್ತೀರ?’ ಅನ್ನುತ್ತಾಳೆ. ಕೆಲವು ವಾರ ಕಳೆದ ಮೇಲೆ ಅದೇ ಹುಡುಗಿ ಫೋನಿನಲ್ಲಿ ಕ್ಯಾಶುವಾಲ್ಟಿಯವರಿಗೆ ‘ನಮ್ಮಲ್ಲಿ ಬೆಡ್ ಖಾಲಿ ಇಲ್ಲ’ ಅನ್ನುತ್ತಾಳೆ. ‘ನಿಮ್ಮ’ ಹೋಗಿ ‘ನಮ್ಮ’ ಬಂದ ಆ ದಿನವನ್ನು ಯಾರೂ ರಿಜಿಸ್ಟರಿನಲ್ಲಿ ಬರೆಯುವುದಿಲ್ಲ. ಆದರೆ ಅವಳು ಅಲ್ಲಿ ಉಳಿಯುತ್ತಾಳೋ, ಆರು ತಿಂಗಳಿಗೆ ಬಿಟ್ಟು ಹೋಗುತ್ತಾಳೋ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನ ಆಗುತ್ತದೆ. ಎಷ್ಟೋ ಜನರಿಗೆ ಆ ದಿನ ಬರುವುದೇ ಇಲ್ಲ.

ನಾನು ಹಾವೇರಿ ಕಡೆಯವಳು. ಬೆಂಗಳೂರಿಗೆ ಬಂದು ನರ್ಸ್ ಆಗಿ ಹತ್ತೊಂಬತ್ತು ವರ್ಷ ಆಯಿತು. ಅದರಲ್ಲಿ ಎಂಟು ವರ್ಷ ವಾರ್ಡ್ ಇನ್‌ಚಾರ್ಜ್. ಮೊದಲು ಸೇರಿದ ಆಸ್ಪತ್ರೆಯಲ್ಲಿ ಮೂರು ತಿಂಗಳು ನನ್ನ ಹೆಸರು ‘ಹೊಸ ಸಿಸ್ಟರ್’. ಕೆಲಸವನ್ನು ಹೇಗೋ ತಡೆದುಕೊಂಡೆ. ನಾನು ನಾಳೆ ಬರದಿದ್ದರೂ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಅನ್ನಿಸುತ್ತಿತ್ತಲ್ಲ, ಅದನ್ನು ತಡೆಯಲು ಆಗಲಿಲ್ಲ. ನಾಲ್ಕನೇ ತಿಂಗಳು ಬಿಟ್ಟೆ.

ಈ ಬರಹ ಇನ್‌ಚಾರ್ಜ್ ಸಿಸ್ಟರುಗಳಿಗೆ, ಶಿಫ್ಟ್ ನೋಡಿಕೊಳ್ಳುವವರಿಗೆ, ಯೂನಿಟ್ಟಿನ ಡಾಕ್ಟರುಗಳಿಗೆ, ಸಣ್ಣ ನರ್ಸಿಂಗ್ ಹೋಮ್ ನಡೆಸುವವರಿಗೆ. ವಾರ್ಡಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ಇದು ‘ನಮ್ಮದು’ ಅನ್ನಿಸಲು ಏನು ಮಾಡಬೇಕು ಅಂತ ಹೇಳುತ್ತೇನೆ. ಖರ್ಚು ಜಾಸ್ತಿ ಇಲ್ಲ. ಮೂರು ತಿಂಗಳು ಬಿಡದೆ ಮಾಡಬೇಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂರು ಜನರ ಕೆಲಸವನ್ನು ಒಬ್ಬರಿಂದ ಮಾಡಿಸುವ ಕಡೆ, ಸಂಬಳ ಎರಡು ತಿಂಗಳು ತಡ ಮಾಡುವ ಕಡೆ ಇದು ಯಾವುದೂ ನಾಟುವುದಿಲ್ಲ. ಮೊದಲು ಅದನ್ನು ಸರಿ ಮಾಡಿ, ಆಮೇಲೆ ಇಲ್ಲಿಗೆ ಬನ್ನಿ.

ಮೊದಲ ವಾರ: ಸುಮ್ನೆ ನೋಡಿ, ಬರೆದಿಡಿ

ಜೇಬಿನಲ್ಲಿ ಒಂದು ಸಣ್ಣ ಡೈರಿ ಇಟ್ಟುಕೊಳ್ಳಿ. ಈ ವಾರ ಏನನ್ನೂ ಬದಲಾಯಿಸಬೇಡಿ. ಯಾರು ಒಬ್ಬರೇ ಊಟ ಮಾಡುತ್ತಾರೆ? ಯಾರನ್ನು ಹೆಸರು ಹಿಡಿದು ಕರೆಯುತ್ತಾರೆ, ಯಾರನ್ನು ‘ಏಯ್’ ಅನ್ನುತ್ತಾರೆ? ರೌಂಡ್ಸಿನಲ್ಲಿ ಯಾರು ಬಾಯಿ ತೆರೆಯುವುದೇ ಇಲ್ಲ? ಟೀ ಬಂದಾಗ ಯಾರಿಗೆ ಲೋಟ ಕಮ್ಮಿ ಬೀಳುತ್ತದೆ?

ನಾನು ಮೊದಲ ಸಲ ಹೀಗೆ ಬರೆದಾಗ ನಮ್ಮ ವಾರ್ಡಿನಲ್ಲಿ ಎಲ್ಲಾ ಶಿಫ್ಟೂ ಸೇರಿ ಹತ್ತೊಂಬತ್ತು ಜನ. ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ ಇದ್ದವರು ಹದಿಮೂರು. ಉಳಿದ ಆರು ಜನ ಹೌಸ್‌ಕೀಪಿಂಗ್ ಮತ್ತು ಸೆಕ್ಯುರಿಟಿಯವರು, ಎಲ್ಲರೂ ಏಜೆನ್ಸಿ ಮೂಲಕ ಬಂದವರು. ಅವರನ್ನು ಯಾರೂ ಬೇಕಂತ ಬಿಟ್ಟಿರಲಿಲ್ಲ. ಸೇರಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಅದೇ ನನಗೆ ಜಾಸ್ತಿ ನೋವಾದ ವಿಷಯ.

ಫಾರ್ಮ್ ಹಂಚಿ ‘ನಿಮಗೆ ಇಲ್ಲಿ ಹೇಗನ್ನಿಸುತ್ತದೆ’ ಅಂತ ಕೇಳಬೇಡಿ. ಎಂಪ್ಲಾಯಿ ನಂಬರ್ ಬರೆಯಬೇಕಾದ ಫಾರ್ಮಿನಲ್ಲಿ ಯಾರೂ ನಿಜ ಬರೆಯುವುದಿಲ್ಲ.

ಎರಡನೇ ವಾರ: ಹೆಸರು, ಮತ್ತು ‘ನೀವು’

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರುಗಳಿಗೆ ಅಂತ 19 ಅಂಶಗಳ ಒಂದು ಚೆಕ್‌ಲಿಸ್ಟ್ ತಂದಿತು. ಚರ್ಮ ಕೊಯ್ಯುವ ಮೊದಲು ಅಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು ಅನ್ನುವುದು ಅದರಲ್ಲಿ ಒಂದು. ಇದು ಬರೀ ಮರ್ಯಾದೆಯ ಮಾತಲ್ಲ. ಒಂದು ಸಲ ಬಾಯಿ ತೆರೆದವರು, ಮುಂದೆ ಏನಾದರೂ ತಪ್ಪು ಕಂಡರೆ ಇನ್ನೊಂದು ಸಲ ಬಾಯಿ ತೆರೆಯುತ್ತಾರೆ. ಇಂಗ್ಲೆಂಡಿನ ಡಾಕ್ಟರ್ ಕೇಟ್ ಗ್ರೇಂಜರ್ ಕ್ಯಾನ್ಸರ್ ಆಗಿ ಆಸ್ಪತ್ರೆ ಸೇರಿದಾಗ, ಅವರನ್ನು ನೋಡಲು ಬಂದ ಎಷ್ಟೋ ಸಿಬ್ಬಂದಿ ತಮ್ಮ ಹೆಸರನ್ನೇ ಹೇಳಲಿಲ್ಲ. 2013ರಲ್ಲಿ ಅವರು ‘ಹಲೋ, ನನ್ನ ಹೆಸರು…’ ಅನ್ನುವ ಅಭಿಯಾನ ಶುರು ಮಾಡಿದರು. ಅವರು ಮಾಡಿದ್ದು ರೋಗಿಗಳಿಗಾಗಿ. ಪಕ್ಕದಲ್ಲಿ ನಿಂತು ಕೆಲಸ ಮಾಡುವವರಿಗೂ ಅದು ಅಷ್ಟೇ ಬೇಕು ಅಂತ ನನ್ನ ಅನುಭವ.

ಮಾಡಬೇಕಾದ್ದು ಇಷ್ಟು. ನರ್ಸಿಂಗ್ ಸ್ಟೇಷನ್ ಪಕ್ಕದ ಬೋರ್ಡಿನಲ್ಲಿ ಡಾಕ್ಟರ್ ಹೆಸರು, ನರ್ಸ್ ಹೆಸರು ಹೇಗೂ ಇರುತ್ತದೆ. ಅದರ ಜೊತೆಗೆ ಆ ಶಿಫ್ಟಿನ ಹೌಸ್‌ಕೀಪಿಂಗ್, ಅಟೆಂಡರ್, ಸೆಕ್ಯುರಿಟಿಯವರ ಹೆಸರೂ ಬರೆಯಿರಿ. ಅದೇ ಮಾರ್ಕರ್, ಅದೇ ಅಳತೆಯ ಅಕ್ಷರ. ‘ನಿಮ್ಮನ್ನ ಏನಂತ ಕರೀಬೇಕು?’ ಅಂತ ಒಬ್ಬೊಬ್ಬರನ್ನೂ ಕೇಳಿ. ಮಣಿಪುರದ ಹುಡುಗಿಯ ಹೆಸರಿಗೆ ನಾಲಿಗೆ ಹೊರಳುವುದಿಲ್ಲ ಅಂತ ನಾವೇ ಒಂದು ಅಡ್ಡಹೆಸರು ಇಟ್ಟುಬಿಡುತ್ತೇವೆ. ಬೇಡ. ಎರಡು ಸಲ ಹೇಳಿಸಿಕೊಳ್ಳಿ, ಕನ್ನಡದಲ್ಲಿ ಬರೆದುಕೊಳ್ಳಿ. ಮೂರನೇ ದಿನಕ್ಕೆ ಬಂದೇ ಬರುತ್ತದೆ.

ನಮ್ಮಲ್ಲಿ ಹೆಸರಿಗಿಂತ ದೊಡ್ಡದು ಇನ್ನೊಂದಿದೆ. ಇಪ್ಪತ್ನಾಲ್ಕು ವರ್ಷದ ಹೌಸ್ ಸರ್ಜನ್, ಅಂದರೆ ಇನ್ನೂ ತರಬೇತಿಯಲ್ಲಿರುವ ಡಾಕ್ಟರ್, ಐವತ್ತೈದು ವರ್ಷದ ಆಯಾಗೆ ‘ಇದನ್ನ ಲ್ಯಾಬಿಗೆ ತಗೊಂಡ್ ಹೋಗು’ ಅನ್ನುತ್ತಾನೆ. ಹುಡುಗ ಕೆಟ್ಟವನೇನಲ್ಲ. ಸೀನಿಯರ್‌ಗಳು ಹಾಗೆ ಮಾತಾಡುವುದನ್ನು ಕೇಳಿ ಕಲಿತಿದ್ದಾನೆ. ಮನೆಯಲ್ಲಿ ಅದೇ ವಯಸ್ಸಿನ ದೊಡ್ಡಮ್ಮನಿಗೆ ಹಾಗನ್ನುತ್ತಾನಾ? ಅವನನ್ನು ಪಕ್ಕಕ್ಕೆ ಕರೆದು ಹೇಳಿ. ಎಲ್ಲರ ಮುಂದೆ ಬೇಡ. ‘ಹೋಗು’ ಅನ್ನುವುದು ‘ಹೋಗಿ’ ಆಗಲು ಒಂದು ಕೊಂಬು ತೆಗೆದು ಗುಡಿಸು ಹಾಕಿದರೆ ಸಾಕು. ನಮ್ಮ ವಾರ್ಡಿನಲ್ಲಿ ಇದೊಂದು ಬದಲಾವಣೆಗೆ ಹತ್ತಿರ ಹತ್ತಿರ ಎರಡು ತಿಂಗಳು ಹಿಡಿಯಿತು. ಆದರೆ ನಾನು ಮಾಡಿದ ಕೆಲಸಗಳಲ್ಲಿ ಇದರಷ್ಟು ಫಲ ಕೊಟ್ಟಿದ್ದು ಇನ್ನೊಂದಿಲ್ಲ. ಅಕ್ಕ, ಅಣ್ಣ, ಅಮ್ಮ ಅಂತ ಕರೆಯುವುದು ನಮ್ಮ ರೂಢಿ, ಅದು ಇರಲಿ. ಅಕ್ಕನ ಹೆಸರೂ ಗೊತ್ತಿರಲಿ.

ಹೊಸಬರ ಮೊದಲ ತಿಂಗಳು

ಸೇರಿದ ದಿನ ಎಚ್‌ಆರ್‌ನವರು ಐಡಿ ಕಾರ್ಡ್, ಬಯೋಮೆಟ್ರಿಕ್, ಇನ್ಫೆಕ್ಷನ್ ಕಂಟ್ರೋಲ್ ಕ್ಲಾಸ್ ಎಲ್ಲಾ ಮುಗಿಸುತ್ತಾರೆ. ಅವಳಿಗೆ ಗೊತ್ತಾಗಬೇಕಾದ್ದು ಬೇರೆಯೇ ಇರುತ್ತದೆ. ಟಿಫನ್ ಬಾಕ್ಸ್ ಎಲ್ಲಿಡಬೇಕು? ಟಾಯ್ಲೆಟ್‌ಗೆ ಹೋಗುವಾಗ ತನ್ನ ಪೇಷಂಟುಗಳನ್ನು ನೋಡಿಕೊಳ್ಳಲು ಯಾರಿಗೆ ಹೇಳಬೇಕು? ರಾತ್ರಿ ಎರಡು ಗಂಟೆಗೆ ಯಾವ ಡಾಕ್ಟರಿಗೆ ಫೋನ್ ಮಾಡಬಹುದು? ಯಾವ ಗೇಟಿನಿಂದ ಹೋದರೆ ಬಸ್ ಸ್ಟಾಪ್ ಹತ್ತಿರ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಡಿ.

ಜೊತೆಗೆ ಒಬ್ಬ ಜೊತೆಗಾತಿಯನ್ನು ಗೊತ್ತು ಮಾಡಿ. 30 ದಿನ ಇಬ್ಬರಿಗೂ ಒಂದೇ ಶಿಫ್ಟ್ ಹಾಕಿ. ಜೊತೆಗಾತಿ ಬಹಳ ಸೀನಿಯರ್ ಆಗಿರಬಾರದು. ಹೋದ ವರ್ಷ ಸೇರಿದವಳು ಒಳ್ಳೆಯದು. ಹೊಸಬಳಾಗಿರುವುದು ಅಂದರೆ ಏನು ಅಂತ ಅವಳಿಗೆ ಇನ್ನೂ ನೆನಪಿರುತ್ತದೆ. ಮೊದಲ ನೈಟ್ ಡ್ಯೂಟಿಗೆ ಹೊಸಬರನ್ನು ಒಂಟಿಯಾಗಿ ಹಾಕಲೇಬೇಡಿ.

ಮೊದಲ ವೀಕ್ಲಿ ಆಫ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಊರಿಂದ ಬಂದು ಪಿಜಿಯಲ್ಲಿ ಇರುವ ಹುಡುಗಿಗೆ ಈ ಊರಲ್ಲಿ ರಜಾ ದಿನವೇ ಬಹಳ ಉದ್ದ. ನನ್ನ ಮೊದಲ ರಜಾ ದಿನ ಮೆಜೆಸ್ಟಿಕ್‌ಗೆ ಹೋಗಿ, ಹಾವೇರಿ ಕಡೆ ಹೋಗುವ ಬಸ್ಸುಗಳನ್ನು ನೋಡುತ್ತಾ ಒಂದು ಗಂಟೆ ಕೂತು ವಾಪಸ್ ಬಂದಿದ್ದೆ. ಜೊತೆಗಾತಿ ಆ ದಿನ ಮಧ್ಯಾಹ್ನ ಒಂದು ಫೋನ್ ಮಾಡಿ ‘ಊಟ ಆಯ್ತಾ?’ ಅಂದರೂ ಎಷ್ಟೋ ಆಗುತ್ತದೆ.

ಹ್ಯಾಂಡೋವರ್ ಮುಗಿದ ಮೇಲಿನ ಐದು ನಿಮಿಷ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹ್ಯಾಂಡೋವರ್ ಅಂದರೆ ಒಂದು ಶಿಫ್ಟಿನವರು ಮುಂದಿನ ಶಿಫ್ಟಿನವರಿಗೆ ರೋಗಿಗಳ ವಿವರ ಒಪ್ಪಿಸುವುದು.

ನಮ್ಮಲ್ಲಿ ಆರನೇ ಬೆಡ್ಡಿಗೆ ಒಬ್ಬ ಅಜ್ಜ ಬಂದಿದ್ದರು. ಕಾಲು ಊದಿತ್ತು, ಬಿಪಿ ಜಾಸ್ತಿ ಇತ್ತು. ಮಾತ್ರೆ ಕೊಡುತ್ತಿದ್ದರೂ ಎರಡೂ ಇಳಿಯುತ್ತಿರಲಿಲ್ಲ. ರೌಂಡ್ಸಿನಲ್ಲಿ ಡೋಸ್ ಏರಿಸುವ ಮಾತು ನಡೆದಿತ್ತು. ಬೆಳಿಗ್ಗೆ ಬೆಡ್‌ಶೀಟ್ ಬದಲಾಯಿಸುತ್ತಿದ್ದ ಹೌಸ್‌ಕೀಪಿಂಗ್ ಅಕ್ಕ ದಿಂಬಿನ ಕವರ್ ಕೊಡವಿದರು. ಎರಡು ಬಿಳಿ ಮಾತ್ರೆ ನೆಲಕ್ಕೆ ಬಿದ್ದವು. ಅಕ್ಕ ಬಗ್ಗಿ ಎತ್ತಿಕೊಂಡರು. ಕಸದ ಬಕೆಟ್ ಕಡೆ ಒಂದು ಹೆಜ್ಜೆ ಇಟ್ಟವರು ನನ್ನನ್ನು ನೋಡಿ ನಿಂತರು. ಗ್ಲೌಸ್ ಹಾಕಿದ ಅಂಗೈ ತೆರೆದು ತೋರಿಸಿದರು.

‘ಇವು ಬೇಕಾ ಸಿಸ್ಟರ್? ನಿನ್ನೆನೂ ಮೂರಿದ್ವು. ಕಸಕ್ಕೆ ಹಾಕ್ದೆ.’

‘ನಿನ್ನೆ ಯಾಕಕ್ಕ ಹೇಳ್ಲಿಲ್ಲ?’

‘ನಮ್ಮನ್ನ ಯಾರು ಕೇಳ್ತಾರೆ?’

ಸಿಟ್ಟಿನಿಂದ ಅಂದಿದ್ದಲ್ಲ. ನಿಜವಾಗಿಯೂ ಯಾರೂ ಕೇಳುತ್ತಿರಲಿಲ್ಲ. ಅದನ್ನೇ ಹೇಳಿದರು. ಅಜ್ಜನಿಗೆ ಕೊಡುತ್ತಿದ್ದುದರಲ್ಲಿ ಮೂತ್ರ ಜಾಸ್ತಿ ಹೋಗುವ ಮಾತ್ರೆ ಒಂದಿತ್ತು. ಪದೇ ಪದೇ ಯೂರಿನ್ ಪಾಟ್ ಕೇಳಲು ಹುಡುಗಿಯರ ಮುಂದೆ ಸಂಕೋಚ. ಅದಕ್ಕೇ ಅವರು ಸಿಕ್ಕಿದ ಮಾತ್ರೆಯನ್ನೆಲ್ಲ ಬಾಯಿಗೆ ಹಾಕಿಕೊಂಡಂತೆ ಮಾಡಿ ದಿಂಬಿನೊಳಗೆ ತುರುಕುತ್ತಿದ್ದರು. ಒಬ್ಬ ಅಟೆಂಡರ್ ಅಣ್ಣನನ್ನು ಹತ್ತಿರ ಇರುವ ಹಾಗೆ ಮಾಡಿದೆವು, ಸಮಸ್ಯೆ ಮುಗಿಯಿತು. ಡೋಸ್ ಏರಿಸಿದ್ದರೆ, ಒಂದು ದಿನ ಅಷ್ಟನ್ನೂ ನಮ್ಮ ಕಣ್ಣೆದುರು ನುಂಗಿದ್ದರೆ ಏನಾಗುತ್ತಿತ್ತೋ.

ಮಾರನೇ ದಿನದಿಂದ ಹ್ಯಾಂಡೋವರ್ ಮುಗಿದ ಕೂಡಲೇ ಐದು ನಿಮಿಷ ಎಲ್ಲರೂ ಸೇರುವುದು ಶುರು ಮಾಡಿದೆವು. ನೀವೂ ಹೀಗೆ ಮಾಡಿ. ಕುರ್ಚಿ ಬೇಡ, ನಿಂತುಕೊಂಡೇ. ಡಾಕ್ಟರ್, ನರ್ಸ್, ಅಟೆಂಡರ್, ಹೌಸ್‌ಕೀಪಿಂಗ್, ಸೆಕ್ಯುರಿಟಿ, ಯಾರು ಡ್ಯೂಟಿಯಲ್ಲಿ ಇದ್ದಾರೋ ಅವರೆಲ್ಲ. ಮೂರೇ ಪ್ರಶ್ನೆ. ನಿಮ್ಮ ಕಣ್ಣಿಗೆ ಏನು ಬಿತ್ತು? ಇವತ್ತು ಯಾವುದು ಕಷ್ಟ ಆಗಬಹುದು? ಯಾರಿಗೆ ಕೈ ಜೋಡಿಸಬೇಕು?

ಮಾತು ಯಾವಾಗಲೂ ಕೆಳಗಿನ ದರ್ಜೆಯವರಿಂದ ಶುರುವಾಗಲಿ. ಡಾಕ್ಟರ್ ಕೊನೆಗೆ. ಡಾಕ್ಟರ್ ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸಿ ಹೋಗುತ್ತಾರೆ. ಮೊದಲ ವಾರ ಹೌಸ್‌ಕೀಪಿಂಗ್‌ನವರು ‘ಏನಿಲ್ಲ ಸಿಸ್ಟರ್’ ಅಂತಲೇ ಅನ್ನುತ್ತಾರೆ. ಆದರೂ ದಿನಾ ಕೇಳಿ. ಹತ್ತನೇ ದಿನದ ಹೊತ್ತಿಗೆ ‘ಹನ್ನೆರಡನೇ ಬೆಡ್ ಅಮ್ಮ ರಾತ್ರಿಯೆಲ್ಲ ಅಳ್ತಿದ್ರು’ ಅನ್ನುವ ಮಾತು ಬರುತ್ತದೆ. ಆ ಮಾತಿಗೆ ಏನು ಮಾಡಿದಿರಿ ಅನ್ನುವುದನ್ನು ಸಂಜೆ ಅವರಿಗೇ ಹೋಗಿ ಹೇಳಿ. ಇದನ್ನು ಮರೆತರೆ ಉಳಿದದ್ದೆಲ್ಲ ದಂಡ.

ಹ್ಯಾಂಡೋವರ್ ಹೊತ್ತಲ್ಲಿ ರೋಗಿಯ ಮುಂದೆ ಯಾರನ್ನೂ ಬೈಯಬೇಡಿ. ಹಿಂದಿನ ಶಿಫ್ಟಿನವರು ಏನಾದರೂ ಬಿಟ್ಟಿದ್ದರೆ ಡ್ಯೂಟಿ ರೂಮಿನಲ್ಲಿ ಕೇಳಿ.

ಭಾಷೆ

ವಿಕ್ಟೋರಿಯಾ, ನಿಮ್ಹಾನ್ಸ್, ಕಿದ್ವಾಯಿ, ಜಯದೇವ ಅಂತ ಬೀದರ್‌ನಿಂದ ಹಿಡಿದು ಚಾಮರಾಜನಗರದವರೆಗೆ ಜನ ಬೆಂಗಳೂರಿಗೆ ಬರುತ್ತಾರೆ. ನೋಡಿಕೊಳ್ಳುವ ನಾವೂ ಒಂದೊಂದು ಕಡೆಯವರು. ಕೇರಳದವರು, ಮಣಿಪುರದವರು, ಕಲ್ಯಾಣ ಕರ್ನಾಟಕದವರು, ಇಲ್ಲೇ ಹುಟ್ಟಿದವರು. ಡ್ಯೂಟಿ ರೂಮಿನಲ್ಲಿ ಮೂರು ಜನ ಮಲಯಾಳದಲ್ಲಿ ನಗುತ್ತಿದ್ದರೆ ನಾಲ್ಕನೆಯವಳಿಗೆ ತನ್ನ ಬಗ್ಗೆಯೇ ನಗುತ್ತಿದ್ದಾರೆ ಅನ್ನಿಸುತ್ತದೆ. ಕನ್ನಡದವರು ಹಾಗೆ ಮಾಡಿದಾಗ ಕೇರಳದವಳಿಗೂ ಅದೇ ಅನ್ನಿಸುತ್ತದೆ. ಒಂದು ನಿಯಮ ಸಾಕು. ರೋಗಿಯ ವಿಷಯ, ಕೆಲಸದ ವಿಷಯ ಅಲ್ಲಿರುವ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ. ಟೀ ಹೊತ್ತಲ್ಲಿ ಅವರವರ ಇಷ್ಟ. ಮನೆ ಮಾತು ಆಡಬೇಡಿ ಅಂತ ಯಾರಿಗೂ ಹೇಳಬೇಡಿ. ಹೊರ ರಾಜ್ಯದವರಿಗೆ ವಾರಕ್ಕೆ ಐದು ಕನ್ನಡ ವಾಕ್ಯ ಕಲಿಸಿ, ಅವರ ಭಾಷೆಯದು ಐದು ನೀವೂ ಕಲಿಯಿರಿ.

ಕನ್ನಡದೊಳಗೇ ಇರುವ ಭೇದ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮಲ್ಲಿಗೆ ಬಾಗಲಕೋಟೆ ಕಡೆಯ ಹುಡುಗಿ ಬಂದಿದ್ದಳು. ಅವಳು ‘ಹೂಂನ್ರೀ’ ಅಂದರೆ ಸಾಕು, ಇಬ್ಬರು ಅದೇ ರಾಗದಲ್ಲಿ ಅನುಕರಣೆ ಮಾಡುತ್ತಿದ್ದರು. ತಮಾಷೆಗೆ. ಅವಳು ನಿಧಾನಕ್ಕೆ ಮಾತನ್ನೇ ಕಮ್ಮಿ ಮಾಡಿದಳು. ಒಂದು ದಿನ ಹುನಗುಂದದ ಕಡೆಯ ಹೆಂಗಸು ಅಡ್ಮಿಟ್ ಆದರು. ‘ಹೊಟ್ಟಿ ಭಾಳ ಕಡ್ಯಾಕತ್ತೈತ್ರಿ’ ಅಂದರು. ಇಲ್ಲಿಯ ಹೌಸ್ ಸರ್ಜನ್‌ಗೆ ಕಡಿತ ಅಂದರೆ ತುರಿಕೆ. ‘ಎಲ್ಲಿ ತುರಿಸುತ್ತೆ, ಗುಳ್ಳೆ ಎದ್ದಿದೆಯಾ?’ ಅಂತ ಕೇಳತೊಡಗಿದರು. ನನಗೆ ಅರ್ಥವಾಗಿತ್ತು. ಆದರೆ ಪಕ್ಕದಲ್ಲಿ ಆ ಹುಡುಗಿ ನಿಂತಿದ್ದಳು. ಅವಳೇ ಹೇಳಲಿ ಅಂತ ಒಂದು ನಿಮಿಷ ಸುಮ್ಮನಿದ್ದೆ. ‘ಸರ್, ತುರಿಕೆ ಅಲ್ಲ. ನಮ್ಮ ಕಡೆ ಹೊಟ್ಟೆ ನೋವಿಗೆ ಹಂಗಂತಾರ’ ಅಂದಳು.

ಆಮೇಲೆ ಅವಳ ಕೈಲಿ ಒಂದು ಹಾಳೆ ಬರೆಸಿ ನರ್ಸಿಂಗ್ ಸ್ಟೇಷನ್ನಿನಲ್ಲಿ ಅಂಟಿಸಿದೆವು. ‘ತಲಿ ನೂಸಾಕತ್ತೈತಿ’ ಅಂದರೆ ತಲೆ ನೋವು. ‘ಕಾಲ್ಮಡಿ’ ಅಂದರೆ ಮೂತ್ರ. ‘ಹೊರಕಡಿ’ ಅಂದರೆ ಮಲ. ಪಕ್ಕದ ವಾರ್ಡಿನವರೂ ಅವಳನ್ನು ಕರೆಯತೊಡಗಿದರು. ಒಬ್ಬರಿಗೆ ಇದು ನನ್ನ ಜಾಗ ಅನ್ನಿಸಬೇಕಾದರೆ, ಅವರಿಂದ ಮಾತ್ರ ಆಗುವ ಒಂದು ಕೆಲಸವನ್ನು ಹುಡುಕಿ ಕೊಡಿ. ನಿಮ್ಮ ಡೈರಿಯಲ್ಲಿ ಪ್ರತಿ ಹೆಸರಿನ ಮುಂದೆ ಅಂಥದ್ದೊಂದು ಬರೆಯುವವರೆಗೆ ಬಿಡಬೇಡಿ.

ತಪ್ಪಾದ ದಿನ

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಮ್ಮಿ ಇರಬೇಕು ಅಲ್ವಾ? ಅಲ್ಲಿ ಜಾಸ್ತಿ ಕಂಡವು. ಆ ತಂಡಗಳಲ್ಲಿ ಜನ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಅನ್ನುವುದು ಅವರಿಗೆ ಆಮೇಲೆ ಹೊಳೆಯಿತು.

ನನ್ನ ಎರಡನೇ ಕೆಲಸದಲ್ಲಿ ಹನ್ನೊಂದನೇ ಬೆಡ್ಡಿನ ಇಂಜೆಕ್ಷನ್ನನ್ನು ಹನ್ನೆರಡಕ್ಕೆ ಕೊಟ್ಟುಬಿಟ್ಟಿದ್ದೆ. ಅಸಿಡಿಟಿಯದು, ಪುಣ್ಯಕ್ಕೆ ಏನೂ ಆಗಲಿಲ್ಲ. ಕೈ ನಡುಗುತ್ತಾ ಇನ್‌ಚಾರ್ಜ್ ಹತ್ತಿರ ಹೋದೆ. ಅವರು ‘ಮೊದಲು ಪೇಷಂಟ್ ನೋಡೋಣ ಬಾ’ ಅಂದರು. ಡಾಕ್ಟರಿಗೆ ಫೋನ್ ಮಾಡಿದರು. ಬಿಪಿ, ಪಲ್ಸ್ ನೋಡಿದೆವು. ಸಂಜೆ ಇನ್ಸಿಡೆಂಟ್ ರಿಪೋರ್ಟ್ ಬರೆಯುವಾಗ ಪಕ್ಕದಲ್ಲಿ ಕೂತು, ‘ಬಂದು ಹೇಳಿದ್ದು ಒಳ್ಳೇದಾಯ್ತು’ ಅಂದರು. ಆ ಆಸ್ಪತ್ರೆಯಲ್ಲಿ ನಾನು ಏಳು ವರ್ಷ ಇದ್ದೆ.

ನೀವೂ ಇದೇ ಕ್ರಮದಲ್ಲಿ ಮಾಡಿ. ಮೊದಲು ರೋಗಿ. ಆಮೇಲೆ ಡಾಕ್ಟರ್. ಆಮೇಲೆ ಬಂದು ಹೇಳಿದ್ದಕ್ಕೆ ಒಂದು ಒಳ್ಳೆ ಮಾತು. ‘ಯಾರು ಮಾಡಿದ್ದು’ ಅಂತ ಶುರು ಮಾಡದೆ ‘ಹೇಗಾಯ್ತು’ ಅಂತ ಕೇಳಿ. ಎರಡು ಇಂಜೆಕ್ಷನ್ ಆಂಪ್ಯೂಲ್ ನೋಡಲು ಒಂದೇ ಥರ ಇದ್ದವಾ? ಮಧ್ಯೆ ಫೋನ್ ಬಂತಾ? ಒಂದೇ ಹೆಸರಿನ ಇಬ್ಬರಿದ್ದರಾ? ಬೇಕಂತಲೇ ಸುಳ್ಳು ಬರೆದವರ ವಿಷಯ ಬೇರೆ. ಅಲ್ಲಿ ಬಿಗಿ ಇರಲೇಬೇಕು.

ರೋಸ್ಟರ್, ಟೀ, ಕೇಕ್

ಹಬ್ಬದ ತಿಂಗಳಿನ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಹಾಕುವ ಮೊದಲು ಎಲ್ಲರನ್ನೂ ಕೇಳಿ. ಯುಗಾದಿ, ದೀಪಾವಳಿ ನಮಗೆ ನೆನಪಿರುತ್ತದೆ. ಓಣಂ, ರಂಜಾನ್, ಕ್ರಿಸ್‌ಮಸ್ ಯಾರೋ ನೆನಪಿಸಬೇಕು. ಮಣಿಪುರದವರಿಗೆ ನಿಂಗೋಲ್ ಚಾಕೌಬಾ ಅಂತ ಹೆಣ್ಣುಮಕ್ಕಳು ತವರಿಗೆ ಊಟಕ್ಕೆ ಹೋಗುವ ಹಬ್ಬ ಇದೆ ಅಂತ ನನಗೆ ಗೊತ್ತಾಗಿದ್ದೇ ಬಹಳ ತಡವಾಗಿ. ಎಲ್ಲರಿಗೂ ರಜೆ ಕೊಡಲು ಆಗುವುದಿಲ್ಲ. ಕೇಳಿ, ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಹೇಳಿ.

ಏಜೆನ್ಸಿಯವರು ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದರೆ ಅವರಿಗೂ ಡ್ಯೂಟಿ ರೂಮಿನ ಬಾಗಿಲು ತೆರೆಯಿರಿ. ಮೇ 12ಕ್ಕೆ ನರ್ಸುಗಳ ದಿನ ಅಂತ ಕೇಕ್ ತರಿಸುವವರು ರಾತ್ರಿ ಶಿಫ್ಟಿಗೆ ಇನ್ನೊಂದು ಕೇಕ್ ತರಿಸಿ. ಆ ಫೋಟೋಗಳಲ್ಲಿ ನೈಟ್ ಡ್ಯೂಟಿಯವರು ಯಾವತ್ತೂ ಇರುವುದಿಲ್ಲ.

ಏಟು ಬಿದ್ದಾಗ, ಮನಸ್ಸು ಸೋತಾಗ

ರೋಗಿಯ ಕಡೆಯವರು ಕೈ ಎತ್ತಿದಾಗ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ’ ಅಂದರೆ, ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಒಂದೇ ಮಾತಿಗೆ ಕುಸಿಯುತ್ತದೆ. ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾನೂನು ಇದೆ. ಡಾಕ್ಟರ್ ಜೊತೆಗೆ ನರ್ಸುಗಳು, ನರ್ಸಿಂಗ್ ವಿದ್ಯಾರ್ಥಿಗಳು, ಪ್ಯಾರಾಮೆಡಿಕಲ್‌ನವರು ಕೂಡ ಅದರಲ್ಲಿ ಬರುತ್ತಾರೆ. ದೂರು ಆಸ್ಪತ್ರೆಯಿಂದಲೇ ಹೋಗಲಿ. ಸ್ಟೇಷನ್ನಿಗೆ ಅವಳ ಜೊತೆ ಇನ್‌ಚಾರ್ಜ್ ಹೋಗಲಿ.

ಲೈಂಗಿಕ ಕಿರುಕುಳದ ವಿಷಯದಲ್ಲಿ 2013ರ ಕಾನೂನು ಇದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು. ಗುತ್ತಿಗೆಯವರು, ಟ್ರೈನಿಗಳು ಕೂಡ ಕೊಡಬಹುದು. ಸಮಿತಿಯವರ ಹೆಸರು, ಫೋನ್ ನಂಬರನ್ನು ಹೆಂಗಸರು ಬಟ್ಟೆ ಬದಲಾಯಿಸುವ ರೂಮಿನಲ್ಲಿ ಅಂಟಿಸಿ. ಎಚ್‌ಆರ್ ಬಾಗಿಲಿಗೆ ಅಂಟಿಸಿದರೆ ನಿಂತು ಓದಲು ಯಾರಿಗೂ ಧೈರ್ಯ ಬರುವುದಿಲ್ಲ.

ಯಾವಾಗಲೂ ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ನನ್ನ ಕೈಲಿ ಏನೂ ಆಗುತ್ತಿಲ್ಲ ಅನ್ನುವ ಭಾವ. ಈ ಮೂರೂ ಸೇರಿದರೆ ಅದನ್ನು ಬರ್ನ್‌ಔಟ್ ಅನ್ನುತ್ತಾರೆ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಯಾರಾದರೂ ಹೀಗೆ ಕಂಡರೆ ಟೀಗೆ ಕರೆದುಕೊಂಡು ಹೋಗಿ, ಕೇಳಿ, ಒಂದೆರಡು ನೈಟ್ ಕಮ್ಮಿ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ದಿನದ 24 ಗಂಟೆಯೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೇರೆಯವರಿಗೆ ಈ ನಂಬರ್ ಕೊಡುವ ನಾವು ನಮಗೆ ಅಂತ ಅದನ್ನು ಒತ್ತುವುದಿಲ್ಲ.

ಬಿಟ್ಟು ಹೋಗುವವರು

ಗಲ್ಫ್, ಇಂಗ್ಲೆಂಡ್, ಜರ್ಮನಿ, ಸರ್ಕಾರಿ ನೇಮಕಾತಿ ಅಂತ ನರ್ಸುಗಳು ಹೋಗುತ್ತಲೇ ಇರುತ್ತಾರೆ. ರಾಜೀನಾಮೆ ಕೊಟ್ಟ ದಿನದಿಂದ ಅವರನ್ನು ಹೊರಗಿನವರ ಥರ ನೋಡುವ ಕಡೆ ನಾನೂ ಇದ್ದೆ. ಉಳಿದವರೆಲ್ಲ ಅದನ್ನು ನೋಡುತ್ತಿರುತ್ತಾರೆ. ನೋಟಿಸ್ ಪೀರಿಯಡ್ಡಿನಲ್ಲೂ ಅದೇ ಬೋರ್ಡು, ಅದೇ ಟೀ. ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್‌ಗೆ ಅಲೆದಾಡಿಸಬೇಡಿ. ಕೊನೆಯ ದಿನ ಐದು ನಿಮಿಷದ ಮಾತುಕತೆಯಲ್ಲಿ ಮೊದಲ ಮಾತು ಅವರಿಗೆ ಕೊಡಿ. ಏಜೆನ್ಸಿ ಬದಲಾಗಿ ಹೋಗುವ ಹೌಸ್‌ಕೀಪಿಂಗ್‌ನವರಿಗೂ ಹಾಗೇ. ಅವರಿಗೆ ಬೀಳ್ಕೊಡುಗೆ ಅಂತ ಎಲ್ಲೂ ಇರುವುದಿಲ್ಲ.

ದಿಂಬಿನ ಕವರ್ ಕೊಡವಿದ ಅಕ್ಕ ಹೋದ ವರ್ಷ ಏಜೆನ್ಸಿ ಬದಲಾದಾಗ ಹೊರಟರು. ಅವತ್ತು ಬೆಳಿಗ್ಗೆ ಎಂದಿನಂತೆ ಬೋರ್ಡಿನ ಹತ್ತಿರ ನಿಂತು, ಮಾರನೇ ದಿನ ಬರುವವರಿಗೆ ಏನೇನು ಹೇಳಬೇಕು ಅಂತ ನನಗೇ ಹೇಳಿಕೊಟ್ಟರು. ‘ನಮ್ಮ ವಾರ್ಡಲ್ಲಿ ಬೆಳಿಗ್ಗೆ ಎಲ್ಲರೂ ಮಾತಾಡ್ಬೇಕು ಅಂತ ಅವ್ರಿಗೆ ಮೊದ್ಲೇ ಹೇಳಿ ಸಿಸ್ಟರ್, ಇಲ್ದಿದ್ರೆ ಹೆದರ್ಕೋತಾರೆ’ ಅಂದರು.